ಡಿಶ್‌ವಾಷರ್‌ನಲ್ಲಿ ಕೆಟ್ಟ ವಾಸನೆ: ಮೂಲ ಹುಡುಕಿ ತೆಗೆಯುವುದು ಹೇಗೆ?

ಡಿಶ್‌ವಾಷರ್ ಬಾಗಿಲು ತೆರೆದೊಡನೆ ಹಳಸಿದ ಸಾರಿನ ವಾಸನೆ ಬಂದರೆ ಹೆಚ್ಚಿನವರು ನಿಂಬೆಹಣ್ಣಿನ ಹೋಳು ಇಡುತ್ತಾರೆ, ಇಲ್ಲವೇ ಪರಿಮಳದ ಫ್ರೆಶ್ನರ್ ತೂಗುಹಾಕುತ್ತಾರೆ. ಎರಡು ದಿನ ಕಳೆಯುವುದರೊಳಗೆ ವಾಸನೆ ಮತ್ತೆ ಹಾಜರ್. ಯಂತ್ರದೊಳಗೆ ನೀರಿನ ರಭಸ ತಾಗದ ಕೆಲವು ಜಾಗಗಳಿವೆ. ಜಿಡ್ಡು, ಅನ್ನದ ಅಗುಳು ಕೊಳೆಯುವುದು ಅಲ್ಲಿ. ಆ ಜಾಗಗಳಿಗೆ ಕೈ ಹಾಕದೆ ವಾಸನೆ ಹೋಗುವುದಿಲ್ಲ.

ಮೊದಲು ಅದು ಯಾವ ವಾಸನೆ ಎಂದು ಗುರುತಿಸಿ. ಹಳಸಲು ಅಥವಾ ಕಮಟು ವಾಸನೆಯಾದರೆ ಫಿಲ್ಟರ್ ಮತ್ತು ಬಾಗಿಲಿನ ರಬ್ಬರ್ ನೋಡಿ. ಚರಂಡಿ ನಾತವಾದರೆ ಡ್ರೈನ್ ಪೈಪ್. ತೊಳೆದ ಲೋಟದಲ್ಲೇ ಹಸಿ ಮೊಟ್ಟೆಯ ವಾಸನೆ ಉಳಿದಿದ್ದರೆ ಡಿಟರ್ಜೆಂಟ್ ಅಥವಾ ಬಿಸಿ ಸಾಲುತ್ತಿಲ್ಲ. ಕೊಳೆತ ಮೊಟ್ಟೆಯಂಥ ನಾತ ಕೆಲವು ಬೋರ್‌ವೆಲ್ ನೀರಿನಲ್ಲೇ ಇರುತ್ತದೆ. ನಲ್ಲಿಯಿಂದ ಒಂದು ಲೋಟ ಹಿಡಿದು ಮೂಸಿದರೆ ಗೊತ್ತಾಗುತ್ತದೆ. ವೈರ್ ಸುಟ್ಟ ವಾಸನೆ ಬಂದರೆ ಮಾತ್ರ ತೊಳೆಯುವ ಗೋಜಿಗೆ ಹೋಗಬೇಡಿ. ಕರೆಂಟ್ ಆಫ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಿ.

ಫಿಲ್ಟರ್ ಮತ್ತು ಅದರ ಕೆಳಗಿನ ಗುಂಡಿ

ಸ್ವಿಚ್ ಆಫ್ ಮಾಡಿ, ಕೆಳಗಿನ ಟ್ರೇ ಹೊರತೆಗೆಯಿರಿ. ತಳದಲ್ಲಿರುವ ಲೋಟದಾಕಾರದ ಫಿಲ್ಟರನ್ನು ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಎತ್ತಬೇಕು. ಅದರೊಂದಿಗೆ ಚಪ್ಪಟೆ ಜಾಲರಿಯೂ ಬರುತ್ತದೆ. ನಮ್ಮ ಅಡುಗೆಮನೆಗಳ ಫಿಲ್ಟರಿನಲ್ಲಿ ಸಿಗುವುದು ಒಗ್ಗರಣೆಯ ಸಾಸಿವೆ, ಕರಿಬೇವಿನ ದಂಟು, ಒಣಮೆಣಸಿನಕಾಯಿ ಸಿಪ್ಪೆ, ನಿಂಬೆ ಬೀಜ. ಇವನ್ನು ಉದುರಿಸಿದರೆ ಅರ್ಧ ಕೆಲಸ ಮಾತ್ರ. ಜಾಲರಿಯನ್ನು ಬೆಳಕಿಗೆ ಹಿಡಿಯಿರಿ: ಕಣ್ಣುಗಳ ಮೂಲಕ ಬೆಳಕು ಕಾಣದಿದ್ದರೆ ಬೂದು ಬಣ್ಣದ ಜಿಡ್ಡಿನ ಪೊರೆ ಕಟ್ಟಿದೆ ಎಂದರ್ಥ. ನಾರುವುದು ಮುಖ್ಯವಾಗಿ ಆ ಪೊರೆ.

ಕೈ ತಡೆಯುವಷ್ಟು ಬಿಸಿನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಫಿಲ್ಟರನ್ನು 15 ನಿಮಿಷ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸ್ಟೀಲ್ ನಾರು ಬೇಡ. ಜಾಲರಿ ಹರಿದರೆ ಕಸ ನೇರವಾಗಿ ನೀರು ಚಿಮ್ಮುವ ರೆಕ್ಕೆಗಳಿಗೆ ಹೋಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ, ಯಂತ್ರದೊಳಗೆ ನೊರೆ ಸೇರಬಾರದು. ದಿನವೂ ಓಡುವ ಯಂತ್ರಕ್ಕೆ ವಾರಕ್ಕೊಮ್ಮೆ ಇಷ್ಟು ಮಾಡಿದರೆ ವಾಸನೆಯ ಬಹುಪಾಲು ಅಲ್ಲೇ ಮುಗಿಯುತ್ತದೆ.

ಫಿಲ್ಟರ್ ತೆಗೆದಾಗ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ತಿಳಿನೀರು ನಿಂತಿರುವುದು ಸಹಜ. ಸೀಲ್ ಒಣಗದಂತೆ ಕಾಯುವುದೇ ಆ ನೀರು. ಆದರೆ ನೀರು ಫಿಲ್ಟರಿಗಿಂತ ಮೇಲೆ ನಿಂತಿದ್ದರೆ ಡ್ರೈನ್ ಕಟ್ಟಿದೆ. ಲೋಟದಿಂದ ಮೊಗೆದು, ಉಳಿದದ್ದನ್ನು ಸ್ಪಂಜಿನಿಂದ ಹೀರಿಸಿ. ಗ್ಲೌಸ್ ಹಾಕದೆ ಬೆರಳಿಡಬೇಡಿ, ಒಡೆದ ಗಾಜಿನ ಚೂರು ಅಲ್ಲಿ ಸಿಗುವುದು ಅಪರೂಪವಲ್ಲ. ಬಾಷ್‌ನಂಥ ಯಂತ್ರಗಳಲ್ಲಿ ಪಂಪಿಗೆ ಒಂದು ಸಣ್ಣ ಮುಚ್ಚಳವಿದ್ದು, ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ಒಳಗಿನ ಪುಟ್ಟ ಫ್ಯಾನನ್ನು ಬೆರಳಿಂದ ತಿರುಗಿಸಿ ನೋಡಿ. ತಡೆತಡೆದು ತಿರುಗಿದರೆ ಸರಿಯಾಗಿದೆ, ಅದು ಅಯಸ್ಕಾಂತದ ಸೆಳೆತ. ಅಲುಗಾಡದಿದ್ದರೆ ಏನೋ ಸಿಕ್ಕಿಕೊಂಡಿದೆ. ಮುಚ್ಚಳ, ಫಿಲ್ಟರ್ ಎರಡನ್ನೂ ಸರಿಯಾಗಿ ಕೂರುವವರೆಗೆ ಒತ್ತಿ ಅಥವಾ ತಿರುಗಿಸಿ ಜೋಡಿಸಿ.

ಬಾಗಿಲಿನ ಕೆಳ ಅಂಚು

ಹೆಚ್ಚಿನವರು ಮರೆಯುವುದು ಇದನ್ನೇ. ಬಾಗಿಲು ಮುಚ್ಚಿದಾಗ ಅದರ ಕೆಳ ಅಂಚು ನೀರು ಚಿಮ್ಮುವ ಜಾಗದಿಂದ ಹೊರಗುಳಿಯುತ್ತದೆ. ಬಾಗಿಲು ಪೂರ್ತಿ ತೆರೆದು, ಕೆಳಗಿನ ರಬ್ಬರ್ ಪಟ್ಟಿಯನ್ನು ಬೆರಳಿಂದ ಮೆಲ್ಲಗೆ ಮಡಚಿ ನೋಡಿದರೆ ಕಪ್ಪು ಲೋಳೆ ಕಾಣುತ್ತದೆ. ಅದು ಬರೀ ಕೊಳೆಯಲ್ಲ. 18 ದೇಶಗಳ 189 ಡಿಶ್‌ವಾಷರ್‌ಗಳ ರಬ್ಬರನ್ನು ಪರೀಕ್ಷಿಸಿದ ಸ್ಲೊವೇನಿಯಾದ ವಿಜ್ಞಾನಿಗಳು ಶೇ. 62ರಲ್ಲಿ ಶಿಲೀಂಧ್ರ ಕಂಡಿದ್ದಾಗಿ 2011ರಲ್ಲಿ ವರದಿ ಮಾಡಿದರು. ಬಿಸಿ, ಸೋಪು ಎರಡನ್ನೂ ತಡೆದುಕೊಳ್ಳುವ ಜಾತಿಗಳು ಅವು. ಹಾಗಾಗಿ ಈ ಅಂಚನ್ನು ಲಿಕ್ವಿಡ್ ಹಾಕಿದ ಒದ್ದೆ ಬಟ್ಟೆಯಿಂದ, ಮಡಿಕೆಗಳನ್ನು ಬ್ರಷ್‌ನಿಂದ ಒರೆಸಿ, ಕೊನೆಗೆ ಒಣಬಟ್ಟೆ ಆಡಿಸಿ. ರಬ್ಬರ್ ಸೀಳಿದ್ದರೆ ಬದಲಿಸುವುದೇ ಸರಿ.

ಖಾಲಿ ಯಂತ್ರಕ್ಕೆ ಎರಡು ಓಟ

ಈಗ ಕೈಗೆ ಎಟುಕದ ಪೈಪುಗಳ ಸರದಿ. ಗಡಸು ನೀರಿನ ಬಿಳಿ ಪದರದ ಮೇಲೆ ಜಿಡ್ಡು ಕೂತಿರುತ್ತದೆ. ಆಸಿಡ್‌ಗೆ ಜಿಡ್ಡು ಕರಗದು, ಡಿಟರ್ಜೆಂಟ್‌ಗೆ ಬಿಳಿ ಪದರ ಕರಗದು. ಆದ್ದರಿಂದ ಮೊದಲು ಜಿಡ್ಡು ತೆಗೆಯಿರಿ: ಡಿಟರ್ಜೆಂಟ್ ಡಬ್ಬಿಗೆ 25 ಗ್ರಾಂ ಡಿಶ್‌ವಾಷರ್ ಪುಡಿ ಹಾಕಿ, ಪಾತ್ರೆಯಿಲ್ಲದೆ 70 ಡಿಗ್ರಿಯ ಇಂಟೆನ್ಸಿವ್ ಪ್ರೋಗ್ರಾಂ ಓಡಿಸಿ.

ಎರಡನೆಯದಕ್ಕೆ ಪ್ರೀ-ವಾಷ್ ಇಲ್ಲದ, 50 ಡಿಗ್ರಿ ಆಸುಪಾಸಿನ ಪ್ರೋಗ್ರಾಂ ಆರಿಸಿ, ಡಿಟರ್ಜೆಂಟ್ ಡಬ್ಬಿಯ ತುಂಬ ಸಿಟ್ರಿಕ್ ಆಸಿಡ್ ಹಾಕಿ ಮುಚ್ಚಿ. ಪ್ರೀ-ವಾಷ್ ಇರುವ ಪ್ರೋಗ್ರಾಂನಲ್ಲಿ ತಳದಲ್ಲಿ ಚೆಲ್ಲಿದರೆ ಆ ನೀರಿನೊಂದಿಗೆ ಅದು ಮೊದಲೇ ಚರಂಡಿ ಸೇರುತ್ತದೆ. ವಿನೆಗರ್ ಒಂದು ಕಪ್ ಹಾಕಿದರೂ ಅದರಲ್ಲಿರುವ ಆಸಿಡ್ ಸುಮಾರು 12 ಗ್ರಾಂ ಮಾತ್ರ. ಕೆಲವು ಲೀಟರ್ ನೀರಿಗೆ ಬೆರೆತ ಮೇಲೆ ಹೆಚ್ಚೇನೂ ಉಳಿಯದು, ಪದೇಪದೇ ಹಾಕಿದರೆ ರಬ್ಬರಿಗೂ ಒಳ್ಳೆಯದಲ್ಲ. ವಿನೆಗರ್, ಅಡುಗೆ ಸೋಡಾ ಒಟ್ಟಿಗೆ ಹಾಕಿದರೆ ಬುರುಗು ಬಂದು ಎರಡರ ಗುಣವೂ ಹೋಗುತ್ತದೆ. ಬ್ಲೀಚ್ ಬೇಡವೇ ಬೇಡ: ಸ್ಟೀಲ್ ತೊಟ್ಟಿಯನ್ನು ತಿನ್ನುತ್ತದೆ, ಆಸಿಡ್ ಜತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ನೀರು ಚಿಮ್ಮುವ ರೆಕ್ಕೆಗಳ ತೂತು ಕಟ್ಟಿದ್ದರೆ ಕಳಚಿ, ಹಲ್ಲುಕಡ್ಡಿಯಿಂದ ಬಿಡಿಸಿ, ನಲ್ಲಿ ಕೆಳಗೆ ಹಿಡಿದು ಕುಲುಕಿ.

ಚರಂಡಿ ನಾತ ಬಂದರೆ

ಯುಟಿಲಿಟಿಯಲ್ಲಿ ಯಂತ್ರ ಕೂರಿಸಿದ ಮನೆಗಳಲ್ಲಿ ಡ್ರೈನ್ ಪೈಪಿನ ತುದಿಯನ್ನು ನೆಲದ ಜಾಲಿಯೊಳಗೆ ಇಳಿಬಿಟ್ಟಿರುವುದು ಮಾಮೂಲು. ಆಗ ಸೈಫನ್ ಆಗಿ ಗುಂಡಿಯ ನೀರು ಪೂರ್ತಿ ಎಳೆದುಹೋಗುತ್ತದೆ. ಚರಂಡಿ ಗಾಳಿಯನ್ನು ತಡೆಯುತ್ತಿದ್ದ ನೀರು ಇಲ್ಲವಾದ ಮೇಲೆ ನಾತಕ್ಕೆ ದಾರಿ ಸಲೀಸು. ಪೈಪನ್ನು ನೆಲದಿಂದ ಮೇಲೆತ್ತಿ ಬಾಗು ಕೊಟ್ಟು ಗೋಡೆಗೆ ಕಟ್ಟಬೇಕು. ಎತ್ತರ ಎಷ್ಟೆಂದು ಯಂತ್ರದ ಪುಸ್ತಕದಲ್ಲಿ ಇರುತ್ತದೆ, ಸಾಮಾನ್ಯವಾಗಿ 40 ಸೆಂ.ಮೀ.ಗಿಂತ ಹೆಚ್ಚು. ನೀರು ಬೀಳುವ ಜಾಗದಲ್ಲಿ ಟ್ರ್ಯಾಪ್, ಅಂದರೆ ಸದಾ ನೀರು ನಿಂತು ಚರಂಡಿ ಗಾಳಿಯನ್ನು ತಡೆಯುವ ಬಾಗು, ಇರಲೇಬೇಕು.

ಪೈಪ್ ಸಿಂಕಿಗೆ ಸೇರಿದ್ದರೆ ಒಂದು ಪರೀಕ್ಷೆ ಮಾಡಿ. ಯಂತ್ರದ ಓಟ ಮುಗಿದ ಮೇಲೆ ಸಿಂಕ್ ತುಂಬ ನೀರು ನಿಲ್ಲಿಸಿ, ಒಮ್ಮೆಲೇ ಬಿಡಿ. ಯಂತ್ರದ ಗುಂಡಿಯಲ್ಲಿ ಕೊಳೆನೀರು ಏರಿದರೆ ಸಿಂಕಿನ ಪೈಪ್ ಕಟ್ಟಿದೆ, ಇಲ್ಲವೇ ಡ್ರೈನ್ ಪೈಪಿಗೆ ಎತ್ತರ ಕೊಟ್ಟಿಲ್ಲ.

ಮತ್ತೆ ಬಾರದಂತೆ

ಪಾತ್ರೆಯನ್ನು ತೊಳೆದು ಇಡಬೇಕಿಲ್ಲ, ಎಂಜಲು ಕೆರೆದು ಹಾಕಿದರೆ ಸಾಕು. ಬೆಳಗಿನ ಪಾತ್ರೆ ರಾತ್ರಿವರೆಗೆ ಕಾಯುವುದಾದರೆ ಮಧ್ಯದಲ್ಲಿ ಪ್ರೀ-ರಿನ್ಸ್ ಕೊಡಿ. ತುಪ್ಪ, ಎಣ್ಣೆಯ ಕಡಾಯಿಗಳಿಗೆ ಸದಾ ಕಡಿಮೆ ಬಿಸಿಯ ಪ್ರೋಗ್ರಾಂ ಸಾಲದು. ವಾರಕ್ಕೊಮ್ಮೆಯಾದರೂ 65–70 ಡಿಗ್ರಿ ಬೇಕು. ಬೋರ್‌ವೆಲ್ ನೀರಿದ್ದರೆ, ನೀರಿನ ಗಡಸುತನ ತಗ್ಗಿಸಲು ನೆರವಾಗುವ ಡಿಶ್‌ವಾಷರ್ ಉಪ್ಪು ಖಾಲಿಯಾಗಲು ಬಿಡಬೇಡಿ. ಓಟ ಮುಗಿದು ಬಿಸಿ ಇಳಿದ ಮೇಲೆ ಬಾಗಿಲನ್ನು ನಾಲ್ಕು ಬೆರಳು ತೆರೆದಿಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಯಾರಾದರೂ ಹತ್ತಿರವಿರುವಾಗ ಮಾತ್ರ.

ಹದಿನೈದು ದಿನ ಊರಿಗೆ ಹೋಗುವವರು ಹಿಂದಿನ ದಿನ ಫಿಲ್ಟರ್ ತೊಳೆದು, ಒಂದು ಬಿಸಿ ಓಟ ಕೊಟ್ಟು, ನಲ್ಲಿ ಮುಚ್ಚಿ, ಬಾಗಿಲು ತೆರೆದಿಟ್ಟು ಹೊರಡಿ. ವಾಪಸ್ ಬಂದಾಗ ನಾತವಿದ್ದರೆ ಟ್ರ್ಯಾಪ್ ಒಣಗಿರಬಹುದು. ಅದಕ್ಕೆ ಒಂದೆರಡು ಚೊಂಬು ನೀರು ಸುರಿದು, ಹತ್ತು ನಿಮಿಷ ಕಿಟಕಿ ತೆರೆದು ನೋಡಿ, ಆಮೇಲೆ ಯಂತ್ರಕ್ಕೆ ಕೈ ಹಾಕಿ.