ಮನೆ ಸಾಮಾನಿನ ಸ್ಪ್ಯಾನಿಷ್ ಹೆಸರುಗಳು: ಕಲಿತ ರೀತಿ

ಬೆಳಗಾವಿ ಕಡೆಯವರಿಗೆ ಈ ಪಟ್ಟಿಯಲ್ಲಿ ಮೂರು ಪದ ಪುಕ್ಕಟೆ ಸಿಗುತ್ತವೆ. ಅಲಮಾರಿ, ಚಾವಿ, ಬಾಲ್ದಿ ನಮಗೆ ಬಂದದ್ದು ಪೋರ್ಚುಗೀಸಿನಿಂದ. ಅದರ ಸೋದರ ಭಾಷೆ ಸ್ಪ್ಯಾನಿಷ್‌ನಲ್ಲಿ ಅವು ಎಲ್ ಅರ್ಮಾರಿಯೋ, ಲಾ ಯಾಬೆ, ಎಲ್ ಬಾಲ್ದೆ. ಕೊಂಕಣಿಯ ‘ಜನೇಲ’ ಮಾತ್ರ ಇಲ್ಲಿ ನಡೆಯುವುದಿಲ್ಲ, ಕಿಟಕಿಗೆ ಲಾ ಬೆಂತಾನಾ.

ಉಳಿದದ್ದಕ್ಕೆ ನಾನು ಚೀಟಿ ಅಂಟಿಸಿದೆ. ಒಂದು ಸಲಕ್ಕೆ ಒಂದೇ ಕೋಣೆ, ಎಂಟು ಹತ್ತು ಚೀಟಿ, ಅಷ್ಟೇ. ಪುಲ್ಲಿಂಗದ ‘ಎಲ್’ ಬರುವ ಪದಕ್ಕೆ ನೀಲಿ ಶಾಯಿ, ಸ್ತ್ರೀಲಿಂಗದ ‘ಲಾ’ ಬರುವುದಕ್ಕೆ ಕೆಂಪು. ಬರೀ ‘ಮೆಸಾ’ ಎಂದು ಬರೆಯಬೇಡಿ, ‘ಲಾ ಮೆಸಾ’ ಎಂದೇ ಬರೆಯಿರಿ. ಇಲ್ಲದಿದ್ದರೆ ಬಣ್ಣ ಹೇಳುವಾಗ ನಾಲಿಗೆ ತಡವರಿಸುತ್ತದೆ: ಕೆಂಪು ಮೇಜು ‘ಲಾ ಮೆಸಾ ರೋಖಾ’, ಕೆಂಪು ಕಪಾಟು ‘ಎಲ್ ಅರ್ಮಾರಿಯೋ ರೋಖೋ’. ಕೊನೆಗೆ ‘ಆ’ ಇದ್ದರೆ ಸಾಮಾನ್ಯವಾಗಿ ಸ್ತ್ರೀಲಿಂಗ, ಆದರೆ ಸೋಫಾಕ್ಕೆ ‘ಎಲ್’, ಗೋಡೆಗೆ ‘ಲಾ ಪರೇದ್’. ಮರಾಠಿ ಬಲ್ಲವರು ಅದರ ಲಿಂಗವನ್ನು ಇಲ್ಲಿಗೆ ತರಬಾರದು. ಮರಾಠಿಯ ಪಲಂಗ ಪುಲ್ಲಿಂಗ, ಸ್ಪ್ಯಾನಿಷ್ ಮಂಚ ‘ಲಾ ಕಾಮಾ’.

ಸುಣ್ಣದ ಗೋಡೆಗೆ ಅಂಟುಚೀಟಿ ನಿಲ್ಲುವುದಿಲ್ಲ, ಮಳೆಗಾಲದಲ್ಲಂತೂ ಬೆಳಗಾಗುವಷ್ಟರಲ್ಲಿ ನೆಲದ ಮೇಲಿರುತ್ತದೆ. ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿದರೆ ಒಳ್ಳೆಯದು. ಬಚ್ಚಲಕ್ಕೆ ಪರ್ಮನೆಂಟ್ ಮಾರ್ಕರ್ ಬೇಕು. ವಾರವಾದ ಮೇಲೆ ಎಲ್ಲ ಕಿತ್ತುಬಿಡಿ. ದಿನಾ ಕಂಡ ಚೀಟಿಯನ್ನು ಕಣ್ಣು ಓದುವುದೇ ಇಲ್ಲ.

ಉಚ್ಚಾರಕ್ಕೆ ನಮ್ಮ ಲಿಪಿಯೇ ಸಾಕಷ್ಟು ಸಹಾಯ ಮಾಡುತ್ತದೆ. ಸ್ಪ್ಯಾನಿಷ್‌ನಲ್ಲಿರುವುದು ನಮ್ಮ ತ, ದ. ಟ, ಡ ಅಲ್ಲ. ಕುರ್ಚಿ ‘ಸಿಯಾ’, ಕನ್ನಡಿ ‘ಎಸ್ಪೇಖೋ’. ತಲೆದಿಂಬು ‘ಅಲ್ಮೊಆದಾ’, ಅದರ ಕಾಗುಣಿತದಲ್ಲಿರುವ ಹ ಬಾಯಿಗೆ ಬರುವುದಿಲ್ಲ.

ಶುರುವಿನಲ್ಲೇ ಒಂದು ದೇಶ ಆರಿಸಿಕೊಳ್ಳಿ. ನಳಕ್ಕೆ ಸ್ಪೇನಿನಲ್ಲಿ ‘ಗ್ರಿಫೋ’, ಅರ್ಜೆಂಟೀನಾದಲ್ಲಿ ‘ಕನಿಯಾ’, ಮೆಕ್ಸಿಕೋದಲ್ಲಿ ಚಾವಿಯ ಹೆಸರೇ, ‘ಯಾಬೆ’. ‘ಎಸ್ತೂಫಾ’ ಎಂದರೆ ಮೆಕ್ಸಿಕೋದವರಿಗೆ ಅಡಿಗೆಯ ಒಲೆ, ಸ್ಪೇನಿನವರಿಗೆ ಕೋಣೆ ಬಿಸಿ ಮಾಡುವ ಹೀಟರ್. ನೆಲಕ್ಕೆ ಹೇಳುವ ‘ಪೀಸೋ’ ಸ್ಪೇನಿನಲ್ಲಿ ಫ್ಲ್ಯಾಟೂ ಹೌದು. ಮೂರೂ ದೇಶದ ಪದ ಒಂದೇ ಚೀಟಿಯಲ್ಲಿ ಬರೆದರೆ ಒಂದೂ ತಲೆಯಲ್ಲಿ ಉಳಿಯುವುದಿಲ್ಲ.

ನಿಜವಾದ ತೊಡಕು ಹೆಸರಿನಲ್ಲಿಲ್ಲ, ನಮ್ಮ ‘ಇದೆ’ಯಲ್ಲಿದೆ. ‘ಅಡಿಗೆಮನೆಯಲ್ಲಿ ಒಂದು ಕುರ್ಚಿ ಇದೆ’, ‘ಕುರ್ಚಿ ಅಡಿಗೆಮನೆಯಲ್ಲಿದೆ’ ಎರಡಕ್ಕೂ ನಮಗೆ ಒಂದೇ ಕ್ರಿಯಾಪದ ಸಾಕು. ಅಲ್ಲಿ ಎರಡು ಬೇಕು. ಏನಿದೆ ಎನ್ನುವುದಕ್ಕೆ ‘ಆಯ್’: ಆಯ್ ಊನಾ ಸಿಯಾ ಎನ್ ಲಾ ಕೊಸೀನಾ. ಗೊತ್ತಿರುವ ಸಾಮಾನು ಎಲ್ಲಿದೆ ಎನ್ನುವುದಕ್ಕೆ ‘ಎಸ್ತಾ’: ಲಾ ಸಿಯಾ ಎಸ್ತಾ ಎನ್ ಲಾ ಕೊಸೀನಾ. ‘ಆಯ್’ ಮುಂದೆ ಊನ್, ಊನಾ ಅಥವಾ ಅಂಕಿ ಬರುತ್ತದೆ, ಎಲ್, ಲಾ ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಇದ್ದರೂ ‘ಆಯ್’ ಬದಲಾಗದು, ‘ಎಸ್ತಾ’ ಮಾತ್ರ ‘ಎಸ್ತಾನ್’ ಆಗುತ್ತದೆ.

ಹಾಗಾಗಿ ಚೀಟಿ ಕಿತ್ತ ಕೋಣೆಯಲ್ಲಿ ನಿಂತು, ಪ್ರತಿ ಸಾಮಾನಿಗೂ ಈ ಎರಡೂ ವಾಕ್ಯ ಗಟ್ಟಿಯಾಗಿ ಹೇಳಿ. ಅದು ಸಲೀಸಾದ ಬಳಿಕ ‘ಮೇಲೆ’, ‘ಕೆಳಗೆ’, ‘ಹಿಂದೆ’ ಸೇರಿಸಿ. ನಾವು ‘ಮೇಜಿನ ಕೆಳಗೆ’ ಎನ್ನುತ್ತೇವೆ, ಅವರು ಕೆಳಗೆಯನ್ನು ಮೊದಲಿಡುತ್ತಾರೆ: ದೆಬಾಖೋ ದೆ ಲಾ ಮೆಸಾ. ‘ದೆ’ ಮುಂದೆ ‘ಎಲ್’ ಬಂದರೆ ಎರಡೂ ಕೂಡಿ ‘ದೆಲ್’ ಆಗುತ್ತದೆ: ದೆಬಾಖೋ ದೆಲ್ ಸೋಫಾ.