ಮಂಗವೇ ಇಲ್ಲದ ತೋಟದಲ್ಲಿ ಕೂಗು

ಅಡಿಕೆ ಸುಲಿಯುವ ಹಂಗಾಮಿನಲ್ಲಿ ಶಿರಸಿಯ ನನ್ನ ಕ್ಲಿನಿಕ್ಕಿಗೆ ಬೆರಳು ನೋವು ಅಂತ ಬರುವವರು ಜಾಸ್ತಿ. ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಮುಂದೆ ಕೂತರೆ ಯಾರಿಗೆ ನೋಯುವುದಿಲ್ಲ? ಹಾಗಂದುಕೊಂಡೇ ಒಬ್ಬ ಹೆಂಗಸಿಗೆ ಐದು ತಿಂಗಳು ಸುಮ್ನೆ ನೋವಿನ ಮಾತ್ರೆ ಕೊಟ್ಟೆ. ತಪ್ಪು ನನ್ನದೇ.

ಸುಲಿತ ಮುಗಿದರೂ ನೋವು ಮುಗಿಯಲಿಲ್ಲ. ಆಗ ಕೇಳಿದೆ, ಬೆಳಿಗ್ಗೆ ಎದ್ದಾಗ ಹೇಗಿರುತ್ತದೆ ಅಂತ. "ತೆಳ್ಳೇವು ಎರೆದು ಮುಗಿಯೋ ತನಕ ಬೆರಳು ಮಡಚೋಕೇ ಆಗಲ್ಲ" ಅಂದರು. ದುಡಿಮೆಯ ನೋವು ಕೆಲಸ ಮಾಡಿದಷ್ಟೂ ಏರುತ್ತದೆ. ಇದು ಇಳಿಯುತ್ತಿತ್ತು. ಚಿಕೂನ್‌ಗುನ್ಯಾ ಬಂದಿತ್ತಾ ಎಂದೂ ಕೇಳಿದೆ, ಅದೂ ತಿಂಗಳುಗಟ್ಟಲೆ ಹೀಗೇ ಕಾಡುತ್ತದೆ. ಇಲ್ಲ. ರಕ್ತದಲ್ಲಿ ಸಿಆರ್‌ಪಿ, ಅಂದರೆ ಉರಿಯೂತದ ಸುಳಿವು ಕೊಡುವ ಪ್ರೋಟೀನ್, ಏರಿತ್ತು. ಸ್ವಂತ ಮೈಯ ವಿರುದ್ಧವೇ ಹುಟ್ಟುವ ಆಂಟಿ-ಸಿಸಿಪಿ ಎಂಬ ಪ್ರತಿಕಾಯದ ಪರೀಕ್ಷೆಯೂ ಪಾಸಿಟಿವ್. ರುಮಟಾಯ್ಡ್ ಸಂಧಿವಾತ.

"ಮೈಯೇ ಮೈಯನ್ನು ಹೊಡೆಯುತ್ತಿದೆ" ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆಮೇಲೆ ಮಂಗನ ಮಾತು ತೆಗೆದೆ. ತೋಟಕ್ಕೆ ಮಂಗ ಬಂದರೆ ಮೇಲಿನ ಮನೆಯವರು ಕೂಗುತ್ತಾರೆ, ಕೇಳಿ ಕೆಳಗಿನ ಮನೆಯವರೂ ಕೂಗುತ್ತಾರೆ, ನಾಯಿ ಬೊಗಳುತ್ತದೆ, ಅಲ್ವಾ? ರಕ್ಷಣೆಯ ಕೋಶಗಳ ಅಂಥ ಕೂಗಿಗೆ ಸೈಟೊಕೈನ್ ಅಂತ ಹೆಸರು. ಅವುಗಳಲ್ಲಿ ಟಿಎನ್‌ಎಫ್ ಎಂಬುದು ಕೂಗಿದರೆ ಐಎಲ್-1, ಐಎಲ್-6 ಎಂಬವು ದನಿಗೂಡಿಸುತ್ತವೆ. ಐಎಲ್-6ರ ಕೂಗು ಲಿವರ್‌ಗೆ ಮುಟ್ಟಿದರೆ ಸಿಆರ್‌ಪಿ ಏರುತ್ತದೆ. ನಸುಕಿನಲ್ಲಿ ಐಎಲ್-6ರ ಗದ್ದಲ ಹೆಚ್ಚು, ಬೆಳಗಿನ ಬಿಗಿತಕ್ಕೆ ಅದೂ ಕಾರಣ. ಮಂಗವೇ ಇಲ್ಲದೆ ಕೂಗು ನಡೆದರೆ ದೊಣ್ಣೆ ಹಿಡಿದು ಬಂದವರು ನಮ್ಮ ಗೊನೆಗಳನ್ನೇ ಉದುರಿಸುತ್ತಾರೆ. ಕೀಲಿನ ಒಳಪದರ ಊದುತ್ತದೆ, ಮೂಳೆ ಕರಗಿಸುವ ಕೋಶಗಳು ಕೆಲಸ ಶುರುಮಾಡುತ್ತವೆ.

ಒಂದೇ ಮನೆಯ ಬಾಯಿ ಮುಚ್ಚಿದರೆ ಸಾಕೇ? ಸಾಲದು ಎಂದೇ ಹಲವರು ಎಣಿಸಿದ್ದರು. 1992ರಲ್ಲಿ ಲಂಡನ್‌ನಲ್ಲಿ ಸಂಶೋಧಕರಾದ ರವೀಂದರ್ ಮೈನಿ, ಮಾರ್ಕ್ ಫೆಲ್ಡ್‌ಮನ್ ಟಿಎನ್‌ಎಫ್ ಒಂದನ್ನೇ ತಡೆಯುವ ಇಂಜೆಕ್ಷನ್ ರೋಗಿಗಳಿಗೆ ಕೊಟ್ಟು ನೋಡಿದರು. ಊತ ಇಳಿಯಿತು. ಆದರೆ ಅಡಗಿ ಕೂತ ಕ್ಷಯ ಮೇಲೇಳದಂತೆ ಕಾವಲು ಕಾಯುವುದೂ ಇದೇ ಟಿಎನ್‌ಎಫ್. ಅದಕ್ಕೇ ಟಿಬಿ ಪರೀಕ್ಷೆ ಮಾಡದೆ ಆ ಇಂಜೆಕ್ಷನ್ ಕೊಡುವಂತಿಲ್ಲ.

ಇವರಿಗೆ ಅದು ಬೇಕಾಗಲಿಲ್ಲ. ಕೀಲು ತಜ್ಞರು ಈ ಗದ್ದಲ ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದರು, ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಚೀಟಿಯ ಮೇಲೆ ದಪ್ಪಕ್ಷರದಲ್ಲಿ "ಮಂಗಳವಾರ ಮಾತ್ರ" ಎಂದು ನಾನೇ ಬರೆದುಕೊಟ್ಟೆ. ಮೂರನೇ ತಿಂಗಳಿಗೆ ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಇಳಿಯಿತು. ಎಡಗೈ ನಡುಬೆರಳು ಮಾತ್ರ ವಾರೆಯಾಗಿಯೇ ಉಳಿದಿದೆ. ಅವರು ಬಂದಾಗೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.