ಯಾವ ಊರಿನ ಹಿಮ?

ನವೆಂಬರ್ ಬಂತೆಂದರೆ ನನಗೆ ಫೋನ್ ಕರೆಗಳು ಶುರುವಾಗುತ್ತವೆ. ಕೆನಡಾದ ಮಾಂಟ್ರಿಯಲ್‌ಗೆ ಹೊಸದಾಗಿ ಬಂದ ಹಾಸನದವರೋ ಹುಬ್ಬಳ್ಳಿಯವರೋ ಕೇಳುವುದು ಒಂದೇ: ಹಿಮದಲ್ಲಿ ಕಾರು ಓಡಿಸುವುದು ಹೇಗೆ? "ಯಾವ ಊರಿನ ಹಿಮದಲ್ಲಿ?" ಎಂದು ನಾನು ತಿರುಗಿ ಕೇಳುತ್ತೇನೆ. ಮೂರು ಊರುಗಳಲ್ಲಿ ಹಿಮ ಕಂಡವಳು ನಾನು. ಮೂರಕ್ಕೂ ಮದ್ದು ಬೇರೆ.

ಮೊದಲನೆಯದು ಅಮೆರಿಕದ ದಕ್ಷಿಣದ ಅಟ್ಲಾಂಟಾ. 2014ರ ಜನವರಿ 28, ಮಂಗಳವಾರ. ಬಿದ್ದದ್ದು ಎರಡು-ಮೂರು ಇಂಚು. ಮಧ್ಯಾಹ್ನ ಶಾಲೆ, ಕಚೇರಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಿಟ್ಟವು. ಇಡೀ ನಗರ ರಸ್ತೆಗಿಳಿಯಿತು. ಚಕ್ರಗಳಡಿ ಸಿಕ್ಕ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಉಪ್ಪು ಎರಚಬೇಕಾದ ಲಾರಿಗಳೂ ಅದೇ ಸಾಲಿನಲ್ಲಿ ಸಿಕ್ಕಿಕೊಂಡವು. ಶಿರಾಡಿ ಘಾಟಿಯ ಮಳೆಯಲ್ಲಿ ಕಾರು ಕಲಿತವಳು ಎಂಬ ಹಮ್ಮು ನನಗಿತ್ತು. ಸೇತುವೆಯೊಂದರ ಮೇಲೆ ಕಾರು ನನ್ನನ್ನು ಕೇಳದೆ ಅಡ್ಡ ತಿರುಗಿದಾಗ ಆ ಹಮ್ಮು ಇಳಿಯಿತು. ಆ ರಾತ್ರಿ ಸಾವಿರಾರು ಜನರಂತೆ ನಾನೂ ಮನೆ ಸೇರಲಿಲ್ಲ; ಅಂಗಡಿಯೊಂದರ ನೆಲದಲ್ಲಿ ರಟ್ಟು ಹಾಸಿಕೊಂಡು ಮಲಗಿದೆ.

ಹಾಗಾಗಿ ಹಿಮ ಅಪರೂಪವಾದ ಊರಿನಲ್ಲಿದ್ದರೆ ನನ್ನ ಸಲಹೆ ಚಿಕ್ಕದು: ಕಾರು ತೆಗೆಯಬೇಡಿ. ಹೊರಗಿದ್ದಾಗಲೇ ಹಿಮ ಶುರುವಾದರೆ ಎಲ್ಲರೂ ಹೊರಡುವ ಹೊತ್ತಿಗೆ ನೀವೂ ಹೊರಡಬೇಡಿ. ಸೇತುವೆಗಳ ಬಗ್ಗೆ ಎಚ್ಚರ. ಮೇಲೂ ಕೆಳಗೂ ತಣ್ಣನೆ ಗಾಳಿ ಆಡುವುದರಿಂದ ರಸ್ತೆಗಿಂತ ಮೊದಲು ಅವೇ ಹೆಪ್ಪುಗಟ್ಟುತ್ತವೆ. ಬರಿದೇ ಒದ್ದೆಯಾದಂತೆ ಕಾಣುವ ಕಪ್ಪು ಡಾಂಬರಿನ ಮೇಲೆ ತೆಳುವಾದ ಮಂಜುಗಡ್ಡೆ ಇರಬಹುದು.

ಎರಡನೆಯದು ಅಮೆರಿಕದ ಉತ್ತರದ ಮಿನಿಯಾಪೊಲಿಸ್. ಅಲ್ಲಿ ಅದೇ ಮೂರು ಇಂಚಿಗೆ ಯಾರೂ ಕಾಫಿ ಲೋಟ ಕೆಳಗಿಡುವುದಿಲ್ಲ. ದೊಡ್ಡ ಹಿಮ ಬಿದ್ದರೆ ನಗರದವರು ಹಿಮ ತುರ್ತುಸ್ಥಿತಿ ಘೋಷಿಸಿ ಮೂರು ದಿನದ ಪಾರ್ಕಿಂಗ್ ನಿಯಮ ಹೇರುತ್ತಾರೆ. ಮೊದಲ ರಾತ್ರಿ ಮುಖ್ಯ ಮಾರ್ಗಗಳು ಖಾಲಿಯಾಗಬೇಕು, ಎರಡನೆಯ ದಿನ ಸಣ್ಣ ಬೀದಿಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ, ಮೂರನೆಯ ದಿನ ಬೆಸಸಂಖ್ಯೆಯ ಬದಿ. ನಾನು ಎರಡನೆಯ ದಿನವನ್ನು ಮೂರನೆಯದೆಂದು ಎಣಿಸಿ ಕಾರನ್ನು ಎತ್ತಿಸಿಕೊಂಡವಳು. ನೀವು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಉಪ್ಪನ್ನೂ ಅತಿಯಾಗಿ ನಂಬಬೇಡಿ. ಮೈನಸ್ 9 ಡಿಗ್ರಿಗಿಂತ ಕೆಳಗಿಳಿದರೆ ಸಾದಾ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ.

ಮೂರನೆಯದು ಈಗಿರುವ ಮಾಂಟ್ರಿಯಲ್. ಈ ಊರಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ನಮ್ಮ ಮಲೆನಾಡಿನಲ್ಲಿ ಮಳೆಗೆ ಮುಂಚೆ ಜಗುಲಿಗೆ ಸೋಗೆಯ ಜಡಿ ಕಟ್ಟುತ್ತಿದ್ದರಲ್ಲ, ಹಾಗೆ. ಅಕ್ಟೋಬರಿನಲ್ಲೇ ಗ್ಯಾರೇಜಿಗೆ ಫೋನ್ ಮಾಡಿ. ನವೆಂಬರ್ ಕೊನೆಗೆ ಮಾಡಿದರೆ ಸರದಿ ಸಿಗುವುದು ಕಷ್ಟ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ. ಚಳಿಗಾಲದ್ದು ಮೆತ್ತಗೇ ಇದ್ದು ರಸ್ತೆಯನ್ನು ಕಚ್ಚುತ್ತದೆ. ಟೈರಿನ ಪಕ್ಕದಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಚಿಹ್ನೆ ಇದೆಯೇ ನೋಡಿ ಕೊಳ್ಳಿ, ನಾಲ್ಕನ್ನೂ ಕೊಳ್ಳಿ. "ನನ್ನದು ನಾಲ್ಕೂ ಚಕ್ರ ಎಳೆಯುವ ಗಾಡಿ" ಎಂದು ಬೀಗುವವರಿಗೆ ಒಂದು ಮಾತು: ಅದು ಹೊರಡುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕೆ ಅಲ್ಲ.

ನನ್ನ ಅಣ್ಣನ ಮಗ ಬಂದ ಮೊದಲ ವಾರವೇ ಮುಂದಿನ ಗಾಜಿನ ಮಂಜುಗಡ್ಡೆಯನ್ನು ಸ್ಟೀಲಿನ ದೋಸೆ ಮಗುಚುವ ಕೈಯಿಂದ ಕೆರೆದ. ಆ ಗೀರುಗಳು ಈಗಲೂ ಇವೆ. ಪ್ಲಾಸ್ಟಿಕ್ ಕೆರೆಯುವ ಸಾಧನ ಅಗ್ಗಕ್ಕೆ ಸಿಗುತ್ತದೆ. ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಚಾವಣಿಯ ಹಿಮವನ್ನೂ ಗುಡಿಸಿ. ಬ್ರೇಕ್ ಹಾಕಿದಾಗ ಅದು ಜಾರಿ ನಿಮ್ಮ ಕಣ್ಣೆದುರಿಗೇ ಬೀಳುತ್ತದೆ.

ಮೊದಲ ಹಿಮದ ರಾತ್ರಿ ಅವನನ್ನು ಖಾಲಿ ಪಾರ್ಕಿಂಗ್ ಬಯಲಿಗೆ ಕರೆದುಕೊಂಡು ಹೋದೆ. ನಿಧಾನವಾಗಿ ಓಡಿಸಿ ಒಮ್ಮೆಲೇ ಬ್ರೇಕ್ ತುಳಿ ಎಂದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು. "ಅತ್ತೆ, ಬ್ರೇಕ್ ಹೋಯಿತಾ?" ಎಂದು ಕಾಲು ತೆಗೆದುಬಿಟ್ಟ. ಹೋಗಿರಲಿಲ್ಲ, ಚಕ್ರ ಕಚ್ಚಿ ನಿಲ್ಲದಂತೆ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿತ್ತು. ಹಾಗೆ ನಡುಗಿದಾಗ ಒತ್ತಿಯೇ ಹಿಡಿಯಬೇಕು. ಕಾರು ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆಗೇ ನೋಡುತ್ತ ಸ್ಟಿಯರಿಂಗ್ ಅನ್ನು ಮೆಲ್ಲಗೆ ತಿರುಗಿಸಿ. ಗುದ್ದಬಾರದೆಂದು ದೀಪದ ಕಂಬವನ್ನೇ ದಿಟ್ಟಿಸಿದರೆ ಕೈಯೂ ಅಲ್ಲಿಗೇ ಎಳೆಯುತ್ತದೆ. ಮಂಜುಗಡ್ಡೆಯ ಮೇಲೆ ನಿಲ್ಲಲು ಬೇಕಾದ ದೂರ ಒಣ ರಸ್ತೆಯ ಹತ್ತು ಪಟ್ಟಾದರೂ ಆದೀತು. ಮುಂದಿನ ಗಾಡಿಗೆ ಅಷ್ಟು ಜಾಗ ಬಿಡಿ, ನಡುವೆ ಯಾರು ನುಗ್ಗಿದರೂ ಬೇಸರಿಸಬೇಡಿ.

ರಾತ್ರಿ ಬೀದಿಯಲ್ಲಿ ಸೈರನ್ ಕೇಳಿದರೆ ಪೊಲೀಸರೆಂದು ಮಗ್ಗುಲು ಬದಲಿಸಬೇಡಿ. ಹಿಮ ಎತ್ತುವ ಯಂತ್ರ ಬರುತ್ತಿದೆ, ಕಾರು ತೆಗೆಯಿರಿ ಎಂಬ ಸೂಚನೆ ಅದು. ತೆಗೆಯದಿದ್ದರೆ ಹತ್ತಿರದ ಇನ್ಯಾವುದೋ ಬೀದಿಗೆ ಎಳೆದಿಡುತ್ತಾರೆ. ಬೆಳಿಗ್ಗೆ ಹಿಮದ ಗುಡ್ಡೆಗಳ ನಡುವೆ ಹುಡುಕುತ್ತ ಅಲೆಯಬೇಕು.

ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಒಂದು ಚೀಲ ಮರಳು ಇರಲಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ. ಹಿಮದಲ್ಲಿ ಹೂತು ನಿಂತರೆ ಹೀಟರ್ ಹಾಕುವ ಮುನ್ನ ಇಳಿದು ಹೊಗೆಕೊಳವೆಯ ಸುತ್ತ ಹಿಮ ಬಗೆಯಿರಿ. ಅದು ಮುಚ್ಚಿದ್ದರೆ ವಿಷಗಾಳಿ ಒಳಗೆ ತುಂಬುತ್ತದೆ, ವಾಸನೆಯೂ ಬರುವುದಿಲ್ಲ. ನಂತರವೂ ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಡಿ.